ಕಪಾಟಿನೊಳಗಿದ್ದ ಅಗ್ನಿನಂದಕ

ಕೋವಿಡ್ ಮುಗಿದು ಶಾಲೆಗಳು ಪೂರ್ತಿ ತೆರೆದ ಮರುವರ್ಷ ನಾನು ದಾಂಡೇಲಿ ಕಡೆಯ ಒಂದು ತಾಲ್ಲೂಕಿನಲ್ಲಿ ಶಾಲೆಗಳ ಬಿಸಿಯೂಟ ನೋಡಿಕೊಳ್ಳುವ ಅಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನಾನು ಮೊದಲಿನಿಂದಲೂ ಅಂಜುಬುರುಕ. ಎಲ್ಲಕ್ಕಿಂತ ಹೆಚ್ಚು ಅಂಜುತ್ತಿದ್ದದ್ದು ಆಡಿಟ್‌ಗೆ. ಆಡಿಟ್‌ನವರು ಬರುತ್ತಾರೆಂದರೆ ಎರಡು ದಿನ ಮೊದಲೇ ನನಗೆ ಊಟ ಸೇರುತ್ತಿರಲಿಲ್ಲ.

ನಮ್ಮ ಶಾಲೆಗಳು ಬಹುಪಾಲು ಕಾಡಿನೊಳಗಿನ ಸಣ್ಣ ಶಾಲೆಗಳು. ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ದಾಂಡೇಲಿಯಿಂದ ಬರಬೇಕು, ಅದು ಬರುವಷ್ಟರಲ್ಲಿ ಸುಡುವುದೆಲ್ಲ ಸುಟ್ಟಿರುತ್ತದೆ. ಅದಕ್ಕೇ ಆ ವರ್ಷ ಮೂರು ಬೇಡಿಕೆ ಕಳಿಸಿದ್ದೆ: ಪ್ರತಿ ಅಡುಗೆ ಕೋಣೆಗೆ ಒಂದು ಅಗ್ನಿನಂದಕ, ಅಂದರೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್, ಗ್ಯಾಸಿಗೆ ಹೊಸ ಟ್ಯೂಬು, ಅಡುಗೆಯವರಿಗೂ ಶಿಕ್ಷಕರಿಗೂ ಒಂದು ದಿನದ ತರಬೇತಿ. ಅನುದಾನ ಕಡಿತವಾಗಿದೆ, ಇದ್ದುದರಲ್ಲೇ ಹೊಂದಿಸಿಕೊಳ್ಳಿ ಎಂದು ಮೇಲಿನಿಂದ ಉತ್ತರ ಬಂತು. ಬಂದ ಹಣ ಮೂರರಲ್ಲಿ ಒಂದಕ್ಕೆ ಸಾಲುತ್ತಿತ್ತು. ನಾನು ಅಗ್ನಿನಂದಕ ಕೊಂಡೆ. ಟ್ಯೂಬು ಮುಂದಿನ ವರ್ಷಕ್ಕೆ, ತರಬೇತಿ ದೇವರಿಗೆ ಬಿಟ್ಟದ್ದು. ಸಿಲಿಂಡರಾದರೆ ಗೋಡೆಯ ಮೇಲೆ ಕಾಣುತ್ತದೆ, ಎಣಿಸಿ ತೋರಿಸಬಹುದು. ತರಬೇತಿಯನ್ನು ಆಡಿಟ್‌ನವರಿಗೆ ಹೇಗೆ ತೋರಿಸುವುದು?

ಹಂಚಿದ ವಾರವೇ ಒಂದು ಸುತ್ತೋಲೆ ಹೊರಡಿಸಿದೆ. ಪ್ರತಿ ಅಗ್ನಿನಂದಕವನ್ನೂ ದಾಸ್ತಾನು ವಹಿಯಲ್ಲಿ ಬರೆಯಬೇಕು, ಕಳೆದರೆ ಮುಖ್ಯೋಪಾಧ್ಯಾಯರೇ ಹೊಣೆ. ಈ ಒಂದು ಸಾಲು ಓದಿದ ಮಾಸ್ತರರೆಲ್ಲ ಏನು ಮಾಡಿದರೆಂಬುದನ್ನು ಊಹಿಸುವುದು ಕಷ್ಟವಲ್ಲ. ಸರ್ಕಾರಿ ಶಾಲೆಯಲ್ಲಿ ಗ್ಲೋಬು, ಹಾರ್ಮೋನಿಯಂ, ಆಟದ ಚೆಂಡು ಎಲ್ಲವೂ ಎಲ್ಲಿರುತ್ತವೋ ಅದೂ ಅಲ್ಲಿಗೇ ಹೋಯಿತು.

ಉಳವಿ ರಸ್ತೆಯಿಂದ ಒಳಗೆ ಹೋಗಬೇಕಾದ ಒಂದು ಶಾಲೆಗೆ ನಾನೇ ತಪಾಸಣೆಗೆ ಹೋಗಿದ್ದೆ. ನಲವತ್ತೊಂದು ಮಕ್ಕಳು, ಇಬ್ಬರು ಶಿಕ್ಷಕರು. ಮುಖ್ಯೋಪಾಧ್ಯಾಯ ಬಸವರಾಜ ಮಾಸ್ತರರು ಮರದ ಕಪಾಟಿನ ಬೀಗ ತೆಗೆದು, ಹೊಸ ಅಗ್ನಿನಂದಕವನ್ನು ಪ್ಲಾಸ್ಟಿಕ್ ಹೊದಿಕೆ ಸಮೇತ ತೋರಿಸಿದರು. 'ಸಾಮಗ್ರಿಯನ್ನು ಜೋಪಾನವಾಗಿ ಇಟ್ಟಿದ್ದಾರೆ, ಶ್ಲಾಘನೀಯ' ಎಂದು ಭೇಟಿ ಪುಸ್ತಕದಲ್ಲಿ ಬರೆದು ಸಹಿ ಮಾಡಿ ಬಂದೆ. ಆ ಸಹಿ ನೆನಪಾದರೆ ಇಂದಿಗೂ ಮೈ ಉರಿಯುತ್ತದೆ.

ಫೆಬ್ರುವರಿಯಲ್ಲಿ ಹಣ ಬಳಕೆಯ ಪ್ರಮಾಣಪತ್ರಕ್ಕೆ ಸಹಿ ಹಾಕಲು ಎಲ್ಲ ಮುಖ್ಯೋಪಾಧ್ಯಾಯರನ್ನೂ ತಾಲ್ಲೂಕು ಕೇಂದ್ರಕ್ಕೆ ಕರೆಸಿದ್ದೆ. ಹನ್ನೊಂದೂವರೆ ಇರಬಹುದು, ಎದುರು ಕೂತಿದ್ದ ಬಸವರಾಜ ಮಾಸ್ತರರ ಫೋನು ಬಡಿದುಕೊಂಡಿತು. ಅವರ ಶಾಲೆಯ ಇನ್ನೊಬ್ಬ ಶಿಕ್ಷಕಿ ದೀಪಾ ಅವರ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು.

"ಸರ್, ಅಡಗಿ ಮನ್ಯಾಗ ಗ್ಯಾಸಿಗೆ ಬೆಂಕಿ ಹತ್ತೇತ್ರಿ. ಕಪಾಟಿನ ಕೀಲಿ ಎಲ್ಲಿ ಇಟ್ಟೀರಿ?"

ಮಾಸ್ತರರ ಕೈ ಅಂಗಿಯ ಕಿಸೆಗೆ ಹೋಯಿತು. "ಕೀಲಿ ನನ್ನ ಕಡೆನ ಐತ್ರಿ, ಅಕ್ಕೋರ" ಎಂದರು.

ನಾನು ಫೋನು ಕಸಿದುಕೊಂಡು, "ಮೊದಲ ಹುಡುಗೂರನ್ನ ಹೊರಗ ಹಾಕ್ರಿ" ಎಂದು ಕೂಗಿದೆ. ಅವರಿಗೆ ಕೇಳಿಸಿತೋ ಇಲ್ಲವೋ, ಸಂಪರ್ಕ ಕಡಿಯಿತು.

ದಾಂಡೇಲಿಗೆ ಫೋನು ಮಾಡಿ ಅಗ್ನಿಶಾಮಕದವರನ್ನು ಹೊರಡಿಸಿ, ನಾವಿಬ್ಬರೂ ಜೀಪು ಹತ್ತಿದೆವು. ಮೂವತ್ತನಾಲ್ಕು ಕಿಲೋಮೀಟರ್, ತಿರುವಿನ ಮೇಲೆ ತಿರುವು. ದೀಪಾ ಅವರ ನಂಬರು ಎಷ್ಟು ಸಲ ಒತ್ತಿದರೂ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಒಂದೇ ಮಾತು. ಆ ಅಡುಗೆ ಕೋಣೆಗೂ ಒಂದನೇ ತರಗತಿಗೂ ನಡುವೆ ಒಂದೇ ಗೋಡೆ ಎಂಬುದು ನನಗೆ ಗೊತ್ತಿತ್ತು. ಆ ಗೋಡೆ ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ. ಮಾಸ್ತರರು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದರು. ಅರ್ಧ ದಾರಿಯಲ್ಲಿ, "ಸರ್, ಕಳದ್ರ ನನ್ನ ಹೊಣಿ ಅಂತ ನೀವ..." ಎಂದು ಶುರು ಮಾಡಿದರು.

"ಸುಮ್ನ ಕೂಡ್ರಿ ಮಾಸ್ತರ" ಎಂದು ಗದರಿದೆ. ಅವರು ಹೇಳಹೊರಟದ್ದು ಸತ್ಯವಾಗಿತ್ತು, ಅದಕ್ಕೇ ಗದರಿದೆ.

ನಾವು ಮುಟ್ಟಿದಾಗ ಮಕ್ಕಳು ಮೈದಾನದ ತುದಿಯಲ್ಲಿ ಸಾಲಾಗಿ ಕೂತಿದ್ದರು. ಎಣಿಸಿದೆ. ಮೂವತ್ತೆಂಟು. ಮೂರು ಕಡಿಮೆ. "ಮೂರು ಮಂದಿ ಇವತ್ತ ಬಂದಿಲ್ರಿ" ಎಂದು ದೀಪಾ ಹೇಳಿದ ಮೇಲೂ ಮತ್ತೊಮ್ಮೆ ಎಣಿಸಿದೆ.

ನಡೆದದ್ದನ್ನು ಅವರೇ ವಿವರಿಸಿದರು. ಹಳೆಯ ಟ್ಯೂಬು ಬಿರುಕು ಬಿಟ್ಟು ಬೆಂಕಿ ಹೊತ್ತಿತ್ತು. ಅವರು ಮಕ್ಕಳನ್ನು ಹೊರಗಟ್ಟಿ, ಕಲ್ಲಿನಿಂದ ಕಪಾಟಿನ ಕೊಂಡಿ ಮುರಿದು ಅಗ್ನಿನಂದಕ ತಂದಿದ್ದರು. ಅದರ ಹಿಡಿಗೆ ಸಿಕ್ಕಿಸಿದ್ದ ಪಿನ್ನು ಮಾತ್ರ ಎಷ್ಟು ಎಳೆದರೂ ಬರಲಿಲ್ಲ. ಅಷ್ಟರಲ್ಲಿ ಅಡುಗೆಯ ಶಾಂತವ್ವ ಅಕ್ಕಿಯ ಗೋಣಿಚೀಲ ನೀರಿನಲ್ಲಿ ಅದ್ದಿ ಗ್ಯಾಸ್ ಸಿಲಿಂಡರಿನ ಮೇಲೆ ಹೊದಿಸಿ, ಉರಿಯೊಳಗೇ ಕೈ ಹಾಕಿ ರೆಗ್ಯುಲೇಟರ್ ಬಂದ್ ಮಾಡಿದ್ದರು. ಬಲಗೈ ಮೊಣಕೈವರೆಗೆ ಸುಟ್ಟಿತ್ತು. ಊರವರು ಅವರನ್ನು ಆಸ್ಪತ್ರೆಗೆ ಒಯ್ದಿದ್ದರು.

ನನಗೆ ಸಿಟ್ಟು ಬಂತು. ಓದಿದವರಿಗೆ ಒಂದು ಪಿನ್ನು ಎಳೆಯಲು ಬರುವುದಿಲ್ಲವೇ? "ಕೊಡ್ರಿ ಇಲ್ಲೆ" ಎಂದು ಅಗ್ನಿನಂದಕ ಇಸಿದುಕೊಂಡು, ಹಿಡಿಯನ್ನು ಗಟ್ಟಿಯಾಗಿ ಅದುಮಿ ಪಿನ್ನು ಎಳೆದೆ. ಬರಲಿಲ್ಲ. ಮತ್ತೆ ಎಳೆದೆ. ಮೂವತ್ತೆಂಟು ಮಕ್ಕಳು ನೋಡುತ್ತಿದ್ದರು. ತಾಲ್ಲೂಕಿಗೆಲ್ಲ ಕೊಂಡು ಹಂಚಿದವನು ನಾನು, ಒಂದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ತಡವಾಗಿ ಬಂದ ದಾಂಡೇಲಿಯ ಸಿಬ್ಬಂದಿಯೊಬ್ಬರು ನನ್ನ ಕೈಯಿಂದ ಅದನ್ನು ತೆಗೆದುಕೊಂಡು, "ಹಿಡಿ ಅದುಮಬಾರದ್ರಿ ಸಾಹೇಬ್ರ, ಅದುಮಿದ್ರ ಪಿನ್ನು ಸಿಗಿಬೀಳತೈತಿ. ಸಡಲ ಬಿಟ್ಟು ತಿರುವಿ ಎಳೀಬೇಕು" ಎಂದು ಎಳೆದು ತೋರಿಸಿದರು. ಕಲಿಯಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ವರದಿ ಬರೆಯಬೇಕಿತ್ತು. 'ಹೊಣೆಗಾರರು' ಎಂಬ ಕಾಲಂ ಮುಂದೆ ನನ್ನ ಪೆನ್ನು ನಿಂತಿತು. ಬಸವರಾಜ ಮಾಸ್ತರರು ಕೆಟ್ಟವರಲ್ಲ, ಅಂಜಿದವರು. "ಅಡಗಿಯವರ ನಿರ್ಲಕ್ಷ್ಯ ಅಂತ ಬರದ್ರ ಎಲ್ಲಾರೂ ಪಾರಾಗ್ತೇವ್ರಿ ಸರ್" ಎಂದರು. ಹಾಗೆ ಬರೆದರೆ ಗೌರವಧನದ ಮೇಲೆ ದುಡಿಯುವ ಶಾಂತವ್ವನನ್ನು ಮರುದಿನವೇ ತೆಗೆದುಹಾಕುತ್ತಿದ್ದರು, ಕೇಳುವವರೂ ಇರುತ್ತಿರಲಿಲ್ಲ. ಸುಳ್ಳು ಹೇಳುವುದಿಲ್ಲ, ಒಂದು ರಾತ್ರಿ ನನಗೂ ಆ ಆಸೆ ಇತ್ತು. ಬೆಳಿಗ್ಗೆ ಎದ್ದು ನನ್ನ ಸುತ್ತೋಲೆಯ ಸಂಖ್ಯೆ ಬರೆದು, ಟ್ಯೂಬು ಮತ್ತು ತರಬೇತಿಯನ್ನು ಕೈಬಿಟ್ಟವನು ನಾನೇ ಎಂದು ಸೇರಿಸಿದೆ. ನೋಟಿಸು ಬಂತು, ಉತ್ತರ ಕೊಟ್ಟೆ. ಮರುವರ್ಷ ಅನುದಾನ ಇನ್ನೂ ಕಡಿಮೆಯಾಯಿತು. ಇದ್ದಷ್ಟರಲ್ಲಿ ಮೊದಲು ತರಬೇತಿ ಮಾಡಿಸಿದೆ, ಉಳಿದದ್ದರಲ್ಲಿ ಆದಷ್ಟು ಶಾಲೆಗಳ ಟ್ಯೂಬು ಬದಲಿಸಿದೆ. ಹಣ ಕಡಿಮೆಯಾದಾಗ ಲೆಕ್ಕಕ್ಕೆ ಸಿಗುವುದನ್ನು ಉಳಿಸಿಕೊಂಡು ಜೀವಕ್ಕೆ ಬೇಕಾದದ್ದನ್ನು ಬಿಡುತ್ತೇವೆ ಎಂಬುದನ್ನು ಈ ನೌಕರಿ ನನಗೆ ಕಲಿಸಿತು. ಅದನ್ನು ಪೂರ್ತಿ ಕಲಿಸಿದವರು ಶಾಂತವ್ವ.

ವರದಿ ಕಳಿಸಿದ ದಿನ ಆಸ್ಪತ್ರೆಗೆ ಹೋಗಿ, ನಿಮ್ಮ ಕೆಲಸಕ್ಕೆ ಏನೂ ಆಗುವುದಿಲ್ಲ ಎಂದು ಹೇಳಿದೆ. ಅವರು ಹೂಂ ಎಂದರು. ಆಮೇಲೆ ಬ್ಯಾಂಡೇಜಿನ ಕೈಯನ್ನು ನಿಧಾನವಾಗಿ ಮಡಿಲಲ್ಲಿ ಇಟ್ಟುಕೊಂಡು ಹೇಳಿದರು: "ಸಾಹೇಬ್ರ, ಆ ಕೆಂಪು ಸಿಲಿಂಡರ್ ಒಲಿ ಹತ್ರನ ತೂಗ ಹಾಕಸ್ರಿ. ಯಾರರ ಒಯ್ದ್ರ, ತಿಂಗಳಾ ಸ್ವಲ್ಪ ಸ್ವಲ್ಪ ನನ್ನ ಪಗಾರದಾಗ ಮುರಕೊಳ್ರಿ."

ಮೂವತ್ತೆರಡು ವರ್ಷದ ನೌಕರಿಯಲ್ಲಿ ಕಳೆದರೆ ನನ್ನ ಹೊಣೆ ಎಂಬ ಆ ಮಾತನ್ನು ನಾನು ಒಂದು ಕಾಗದದಲ್ಲೂ ಬರೆದಿರಲಿಲ್ಲ.