ಬೀಗ ಹಾಕಿದ ಮನೆಗೆ ಬರೆದ ಉತ್ತರ

ಗಂಡ ಹೆಂಡತಿ ಎಷ್ಟು ವರ್ಷದಿಂದ ಒಟ್ಟಿಗೆ ಇದ್ದಾರೆ ಎಂದು ಮನೆಮನೆಗೆ ಹೋಗಿ ಕೇಳುವುದೇ ನನ್ನ ಹೊಟ್ಟೆಪಾಡಾಗಿದ್ದ ಕಾಲವೊಂದಿತ್ತು. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಬೇಲಾಪುರದಲ್ಲಿ ಒಂದು ಸರ್ವೆ ಕಂಪನಿ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಕೆಲವು ಮನೆಗಳನ್ನು ಆರಿಸಿಕೊಂಡು, ಎರಡು ವರ್ಷಕ್ಕೊಮ್ಮೆ ಅದೇ ಮನೆಗೆ ಹೋಗಿ ಅದೇ ಪ್ರಶ್ನೆಗಳನ್ನು ಕೇಳುವುದು ಅವರ ಕೆಲಸ. ಸಂಸಾರಗಳು ಎಷ್ಟು ಕಾಲ ನಿಲ್ಲುತ್ತವೆ, ಎಲ್ಲಿ ಕಡಿಯುತ್ತವೆ ಎಂದು ಅಳೆಯಬೇಕಾಗಿತ್ತು. ಇದನ್ನು ಕೇಳಿ ನನ್ನ ಅವ್ವ, "ಮಂದಿ ಮನೀ ಉಸಾಬರಿ ಮಾಡಾಕ ಪಗಾರ ಬ್ಯಾರೆ ಕೊಡ್ತಾರೇನ?" ಎಂದಿದ್ದಳು.

ನಾವು ಗದಗದ ಕಡೆಯವರು, ಆದರೆ ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಆಫೀಸಿನಲ್ಲಿ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ. ಹೀಗಾಗಿ ಕನ್ನಡದವರ ಮನೆ ಎಲ್ಲಿದ್ದರೂ, ಅದು ಘಣಸೋಲಿಯಾಗಲಿ ಟಿಟ್ವಾಳಾ ಆಗಲಿ, ನನ್ನ ತಲೆಗೇ ಕಟ್ಟುತ್ತಿದ್ದರು.

ಫಾರಮಿನ ಒಂಬತ್ತನೆಯ ಪ್ರಶ್ನೆಯೇ ಮುಖ್ಯವಾದದ್ದು. ಯಾವಾಗಿನಿಂದ ಒಟ್ಟಿಗೆ ವಾಸವಾಗಿದ್ದೀರಿ, ಮಧ್ಯೆ ಬೇರೆಯಾಗಿ ಇದ್ದಿರಾ, ಇದ್ದರೆ ಎಷ್ಟು ತಿಂಗಳು. ಕೇಳಲು ಸುಲಭ. ಜನಕ್ಕೆ ಮದುವೆಯ ತಾರೀಖು ನೆನಪಿರುತ್ತದೆ, ಆಮೇಲಿನದು ಕಲಸಿಹೋಗಿರುತ್ತದೆ. ಈ ಮುಂಬಯಿ ಕಡೆ ಹೆಚ್ಚಿನವರು ಕಾಲವನ್ನು ನೆನೆಯುವುದು ಬಾಡಿಗೆ ರೂಮುಗಳ ಮೇಲೆ. "ಡೊಂಬಿವಲಿಯಲ್ಲಿ ಮೂರು ಅಗ್ರಿಮೆಂಟು, ಕಲ್ಯಾಣದಲ್ಲಿ ಎರಡು" ಎನ್ನುತ್ತಾರೆ. ಇಲ್ಲಿ ಒಂದು ಅಗ್ರಿಮೆಂಟು ಎಂದರೆ ಹನ್ನೊಂದು ತಿಂಗಳು. ಕೆಲಸಕ್ಕೆ ಹೊಸದಾಗಿ ಸೇರಿದವರು ಐದು ಅಗ್ರಿಮೆಂಟನ್ನು ಐದು ವರ್ಷ ಎಂದು ಬರೆದು ಬೈಸಿಕೊಳ್ಳುತ್ತಿದ್ದರು. ನಾನು ಒಂದು ಸಲವೂ ಆ ತಪ್ಪು ಮಾಡಲಿಲ್ಲ ಎಂಬ ಜಂಬ ನನಗಿತ್ತು. ನಾನು ಮಾಡಿದ ತಪ್ಪು ಅದಕ್ಕಿಂತ ಕೆಟ್ಟದ್ದು.

ಟಿಟ್ವಾಳಾದಲ್ಲಿ ಉಡುಪಿ ಕಡೆಯ ಒಂದು ಜೋಡಿ ಇತ್ತು. ಗಂಡ ಠಾಣೆಯ ಒಂದು ಹೊಟೇಲಿನಲ್ಲಿ ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸುವವರು. ಬೆಳಗಿನ ಮೊದಲ ಲೋಕಲಿಗೆ ಹೋದರೆ ಮನೆ ಸೇರುವಾಗ ಊರೆಲ್ಲ ಮಲಗಿರುತ್ತಿತ್ತು. ಮಕ್ಕಳಿಲ್ಲ. ಮೊದಲ ಸುತ್ತಿನಲ್ಲಿ ಆಕೆ ಒಬ್ಬರೇ ಇದ್ದರು. ನನ್ನ ಪ್ರಶ್ನೆಗಳಿಗೆಲ್ಲ ಗಂಭೀರವಾಗಿ, ಪರೀಕ್ಷೆಗೆ ಓದಿಕೊಂಡು ಬಂದವರ ಹಾಗೆ ಉತ್ತರ ಕೊಟ್ಟರು. ಒಂಬತ್ತನೆಯದಕ್ಕೆ "ಏಳು ವರ್ಷ, ಬಿಟ್ಟದ್ದಿಲ್ಲ" ಎಂದರು. ಹೊರಡುವಾಗ, "ನನ್ನನ್ನು ಇಷ್ಟೆಲ್ಲ ಯಾರೂ ಕೇಳಿದ್ದೇ ಇಲ್ಲ, ಮಾರಾಯ್ರೆ" ಎಂದು ನಕ್ಕರು. ನಾನೂ ನಕ್ಕು, ಅದನ್ನು ಅಲ್ಲೇ ಮರೆತೆ.

ಎರಡನೆಯ ಸುತ್ತಿಗೆ ಹೋದಾಗ ಬಾಗಿಲಿಗೆ ಬೀಗ. ವಾರ ಬಿಟ್ಟು ಮತ್ತೆ ಹೋದೆ. ಮತ್ತೆ ಬೀಗ. ಎದುರು ಮನೆಯ ಮರಾಠಿ ಹೆಂಗಸು, ಎಲ್ಲರ ಬಾಯಲ್ಲಿ ಕಾಕು, ಬಾಗಿಲು ಸಂದಿಯಿಂದಲೇ, ಅವಳು ಊರಿಗೆ ಹೋಗಿದ್ದಾಳೆ, ತಾಯಿಗೆ ಹುಷಾರಿಲ್ಲವಂತೆ, ಗಂಡ ಇಲ್ಲೇ ಇದ್ದಾನೆ ಎಂದರು. ಮೂರು ಸಲ ಹೋಗಿ, ಆಗಲೂ ಸಿಗದಿದ್ದರೆ 'ಉತ್ತರ ಸಿಗಲಿಲ್ಲ' ಎಂದು ಗುರುತು ಹಾಕಬೇಕು, ಅದು ನಿಯಮ. ಆದರೆ ಯಾರ ಫಾರಮಿನಲ್ಲಿ ಎಷ್ಟು ಖಾಲಿ ಎಂದು ಶನಿವಾರ ಶನಿವಾರ ಆಫೀಸಿನಲ್ಲಿ ಎಲ್ಲರೆದುರು ಓದುತ್ತಿದ್ದರು. ಆ ತಿಂಗಳು ನನ್ನ ಹೆಸರು ಆಗಲೇ ಎರಡು ಸಲ ಬಂದಿತ್ತು. ಬಿಸಿಲು ಬೇರೆ, ಕಲ್ಯಾಣದಿಂದಾಚೆ ಗಾಡಿಗಳೂ ಕಡಿಮೆ. ಊರಿಗೆ ಹೋದವಳು ಬಂದೇ ಬರುತ್ತಾಳೆ, ಏಳಕ್ಕೆ ಎರಡು ಸೇರಿಸಿದರೆ ಒಂಬತ್ತು, ಇದರಲ್ಲಿ ಕೇಳುವುದೇನಿದೆ ಎಂದುಕೊಂಡೆ. ಟಿಟ್ವಾಳಾ ಸ್ಟೇಶನ್ನಿನ ಬೆಂಚಿನ ಮೇಲೆ ಕೂತು 'ಒಂಬತ್ತು ವರ್ಷ, ಬಿಟ್ಟದ್ದಿಲ್ಲ' ಎಂದು ನಾನೇ ತುಂಬಿದೆ.

ಮೂರನೆಯ ಸುತ್ತಿನಲ್ಲಿ ಬಾಗಿಲು ತೆಗೆದಿತ್ತು. ಆಕೆ ಸ್ವಲ್ಪ ಇಳಿದಿದ್ದರು, ಆದರೆ ಮಾತು ಮೊದಲಿಗಿಂತ ನೇರವಾಗಿತ್ತು. ನಾನು ಒಂಬತ್ತನೆಯ ಪ್ರಶ್ನೆಗೆ ಬರುತ್ತಲೇ ಕೇಳಿದರು, "ಹೋದ ಸಲ ನಾನು ಇರ್ಲಿಲ್ಲ. ಎಂತ ಬರೆದಿರಿ?"

"ಒಟ್ಟಿಗೇ ಅದಾರ ಅಂತ ಬರದೀನ್ರಿ ಅಕ್ಕಾ. ನೀವು ಊರಿಗೆ ಹೋಗೀರಿ ಅಂತ ಎದುರಿನವ್ರು ಹೇಳಿದ್ರು."

"ನಾನು ಊರಿಗೆ ಹೋದದ್ದೇ ಅಲ್ಲ. ಘಣಸೋಲಿಯಲ್ಲಿ ಇದ್ದೆ. ಒಬ್ಬಳೇ." ಆಮೇಲೆ ಒಂದೇ ಉಸಿರಿಗೆ ಉಳಿದದ್ದನ್ನು ಹೇಳಿದರು. ಅಲ್ಲಿ ಒಂದು ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದರಂತೆ. ಹಳೆಯ ಗಾಂವದ, ಅಂದರೆ ಊರು ಬೆಳೆಯುವ ಮೊದಲಿನ ಹಳ್ಳಿಯ, ಒಳಗೆ ಒಂದು ರೂಮು. ಒಂದು ಅಗ್ರಿಮೆಂಟು ಪೂರ್ತಿ, ಅದರ ಮೇಲೆ ಮೂರು ತಿಂಗಳು. "ಹದಿನಾಲ್ಕು ತಿಂಗಳು. ಇವರು ಎಲ್ಲರ ಹತ್ರ ಅಮ್ಮನಿಗೆ ಹುಷಾರಿಲ್ಲ ಅಂತ ಹೇಳಿದ್ರು. ನನ್ನ ಅಮ್ಮ ಗಟ್ಟಿಯಾಗಿ ಇದ್ರು. ನಾನು ವಾಪಸ್ ಬಂದ ಮೇಲೆ ಎಲ್ಲರೂ ಕೇಳಿದ್ದು ಅದನ್ನೇ, ಅಮ್ಮ ಹೇಗಿದ್ದಾರೆ, ಅಮ್ಮ ಹೇಗಿದ್ದಾರೆ. ನಾನು ಸಹ ಹೌದು ಹೌದು ಅಂದೆ. ಅಗ್ರಿಮೆಂಟೂ ಕ್ಯಾಂಟೀನಿನವರ ಹೆಸರಲ್ಲೇ ಇದ್ದದ್ದು. ನಾನು ಅಲ್ಲಿ ಇದ್ದೆ ಅಂತ ಎಲ್ಲಿಯೂ ಇಲ್ಲ. ನಿಮ್ಮ ಕಾಗದದಲ್ಲಾದ್ರೂ ಇರಲಿ."

ಯಾಕೆ ಹೋದಿರಿ ಎಂದು ನನ್ನ ಬಾಯಿಗೆ ಬಂತು. ಆಕೆ ಗುರುತಿಸಿದರು. "ಅದು ನಿಮ್ಮ ಫಾರಮಲ್ಲಿ ಇಲ್ಲ ಅಲ್ವಾ, ಬಿಡಿ," ಎಂದು ಚಹಾ ಮಾಡಲು ಎದ್ದರು.

ನಾನು ತಲೆ ತಗ್ಗಿಸಿ 'ಹದಿನಾಲ್ಕು ತಿಂಗಳು ಬೇರೆ' ಎಂದು ಬರೆದೆ. ನಾಚಿಕೆಯಾಗಿತ್ತು. ಅವರ ಗಂಡ ಊರಿಗೆಲ್ಲ ಹೇಳಿದ ಸುಳ್ಳನ್ನೇ ನಾನು ಸ್ಟೇಶನ್ನಿನ ಬೆಂಚಿನ ಮೇಲೆ ಕೂತು ಬರೆದಿದ್ದೆ. ಅವರಿಗಾದರೂ ಮರ್ಯಾದೆಗೆ ಅಂಜಿದ ಕಾರಣವಿತ್ತು, ನನಗೆ ಇದ್ದದ್ದು ಸೋಮಾರಿತನ.

ವಿಷಯ ಅಲ್ಲಿಗೆ ಮುಗಿಯಲಿಲ್ಲ. ಆಫೀಸಿನ ಕಂಪ್ಯೂಟರು ಆ ಮನೆಯನ್ನು ಹಿಡಿದು ನಿಲ್ಲಿಸಿತು. ಎರಡನೆಯ ಸುತ್ತಿನಲ್ಲಿ ಬಿಟ್ಟದ್ದೇ ಇಲ್ಲ ಎನ್ನುವ ಮನೆ, ಮೂರನೆಯದರಲ್ಲಿ ಅದೇ ಕಾಲದಲ್ಲಿ ಬೇರೆ ಇದ್ದೆ ಎನ್ನುತ್ತಿದೆ. ನಮ್ಮ ಸಾಹೇಬರು ಕರೆಸಿದರು. ಮರಾಠಿಯವರು, ಕೂಗಾಡುವ ಮನುಷ್ಯರಲ್ಲ. ಅವರ ಲೆಕ್ಕ ಸರಳವಾಗಿತ್ತು. ಆಗಿನ ಮಾತು ಆಗಲೇ ಬರೆದದ್ದು, ವರ್ಷಗಳ ಮೇಲೆ ನೆನೆದು ಹೇಳಿದ್ದಕ್ಕಿಂತ ಅದೇ ಗಟ್ಟಿ, ಆದ್ದರಿಂದ ಹದಿನಾಲ್ಕು ತಿಂಗಳನ್ನು ತೆಗೆದುಬಿಡಿ. ಆಗಿನದು ಆಗ ಕೇಳಿ ಬರೆದದ್ದೇ ಆಗಿದ್ದರೆ ಅವರ ಮಾತು ಸರಿಯೇ.

ಸುಮ್ಮನಿದ್ದಿದ್ದರೆ ನನ್ನ ಕೆಲಸಕ್ಕೆ ಏನೂ ಆಗುತ್ತಿರಲಿಲ್ಲ. ಎರಡು ದಿನ ಸುಮ್ಮನೇ ಇದ್ದೆ ಕೂಡ. ಮೂರನೆಯ ದಿನ ಹೋಗಿ, ಎರಡನೆಯ ಸುತ್ತಿನ ಉತ್ತರ ಆಕೆಯದಲ್ಲ, ನನ್ನದು ಎಂದು ಹೇಳಿದೆ. ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಹಾಗಾದರೆ ಆಕೆಯ ಹದಿನಾಲ್ಕು ತಿಂಗಳು ಉಳಿಯುತ್ತದೆ ಎಂದು ನಾನು ಕಾದೆ. ಅವರು ಕಂಪ್ಯೂಟರಿನ ಮುಂದೆ ಕೂತ ಹುಡುಗಿಗೆ ಹೇಳಿದ್ದು, "ಘರ್ ಹೀ ನಿಕಾಲ್ ದೋ." ಮನೆಯನ್ನೇ ತೆಗೆದುಬಿಡು. ನಂಬಲಾಗದ ಮನೆ ಪಟ್ಟಿಯಲ್ಲಿ ಇರಕೂಡದು. ನನ್ನನ್ನು ಆ ವರ್ಷವಿಡೀ ಆಫೀಸಿನಲ್ಲಿ ಕಂಪ್ಯೂಟರಿಗೆ ಅಂಕಿ ತುಂಬಲು ಕೂರಿಸಿದರು. ಅದು ನ್ಯಾಯವಾಗಿಯೇ ಇತ್ತು. ಆದರೆ ನನ್ನ ತಪ್ಪಿಗೆ ಆಕೆಯ ಮನೆ ಅಳಿಸಿಹೋಗಿತ್ತು.

ನಾಲ್ಕನೆಯ ಸುತ್ತು ಬಂತು. ನನಗೆ ಮತ್ತೆ ತಿರುಗುವ ಕೆಲಸ ಕೊಟ್ಟಿದ್ದರು, ಪಟ್ಟಿಯಲ್ಲಿ ಟಿಟ್ವಾಳಾದ ಆ ಮನೆ ಇರಲಿಲ್ಲ. ಒಂದು ಭಾನುವಾರ ಹೆಚ್ಚಿನ ಫಾರಮು ಒಂದನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಭಾನುವಾರ ಹೊಟೇಲಿನವರಿಗೆ ರಜೆ ಇರುವುದಿಲ್ಲ, ಆಕೆ ಒಬ್ಬರೇ ಇರುತ್ತಾರೆ ಎಂಬ ಅಂದಾಜು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ನಾನು ಬೆಂಚಿನ ಮೇಲೆ ಬರೆದದ್ದು, ಮನೆಯನ್ನೇ ತೆಗೆದದ್ದು, ಈಗ ಬರೆದರೂ ಈ ಫಾರಮು ಆಫೀಸಿನ ಲೆಕ್ಕಕ್ಕೆ ಸೇರದೆಂಬುದು. ಆಕೆ ಬಾಗಿಲನ್ನು ಪೂರ್ತಿ ತೆಗೆದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಬಂದಿದ್ದೀರಲ್ಲ, ಕೂತ್ಕೊಳ್ಳಿ. ಬರೀರಿ ಆದ್ರೂ," ಎಂದರು.

ನಾಲ್ಕೈದು ಪ್ರಶ್ನೆ ಮುಗಿಯುವಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿತು. ಗಂಡ ಜ್ವರವೆಂದು ರಜೆ ಹಾಕಿ ಮಲಗಿದ್ದರು. ಶಾಲು ಹೊದ್ದು ಬಂದು ಗೋಡೆಗೆ ಒರಗಿ ಕೂತರು. ಅವರನ್ನು ನಾನು ನೋಡಿದ್ದು ಅದೇ ಮೊದಲು. ಹೆಂಗಸರನ್ನು ಒಂಟಿಯಾಗಿಯೇ ಕೇಳಬೇಕೆಂಬುದು ನಮ್ಮ ನಿಯಮ. ನಾನು ಎಂಟರಿಂದ ನೇರ ಹತ್ತಕ್ಕೆ ಹಾರಿದೆ.

"ಒಂಬತ್ತು ಬಿಟ್ಟಿರಿ," ಎಂದರು ಆಕೆ.

"ಆಮ್ಯಾಲೆ ಕೇಳ್ತೀನ್ರಿ ಅಕ್ಕಾ."

"ಬೇಡ. ಈಗಲೇ ಬರೀರಿ." ಆಕೆ ಗಂಡನ ಕಡೆ ತಿರುಗಲಿಲ್ಲ, ನನ್ನ ಪೆನ್ನನ್ನೇ ನೋಡುತ್ತಿದ್ದರು. "ಹದಿಮೂರು ವರ್ಷ. ಅದರ ಮಧ್ಯದಲ್ಲಿ ಹದಿನಾಲ್ಕು ತಿಂಗಳು ನಾನು ಘಣಸೋಲಿಯಲ್ಲಿ ಒಬ್ಬಳೇ ಇದ್ದೆ."

ನಾನು ಬರೆದೆ. ಈಗ ಗಂಡ ಎದ್ದು ಒಳಗೆ ಹೋಗುತ್ತಾರೆ, ಇಲ್ಲವೇ ತಾಯಿಯ ಕಾಯಿಲೆಯ ಕಥೆ ತೆಗೆಯುತ್ತಾರೆ ಎಂದುಕೊಂಡೆ. ಆ ಮನೆಯ ಮಾತು ತುಳು. ಅವರು, ನನಗೂ ತಿಳಿಯಲೆಂದೇ ಇರಬೇಕು, ಕನ್ನಡದಲ್ಲಿ ಹೇಳಿದರು.

"ಹದಿನಾಲ್ಕಲ್ಲ, ಹದಿನಾರು. ರೂಮು ಮಾಡುವ ಮುಂಚೆ ಎರಡು ತಿಂಗಳು ಕ್ಯಾಂಟೀನು ನಡೆಸುವ ಹೆಂಗಸಿನ ಮನೆಯಲ್ಲಿ ಇದ್ದಿ ನೀನು."

ಆಕೆ ಥಟ್ಟನೆ ತಿರುಗಿದರು. "ಅದು ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಅಲ್ಲಿಗೆ ನಾನೇ ಬಂದಿದ್ದೆ. ನೀನು ಹೊರಗೆ ಕೂತು ಅಕ್ಕಿ ಆರಿಸ್ತಾ ಇದ್ದಿ. ಕರೀಲಿಕ್ಕೆ ಧೈರ್ಯ ಬರ್ಲಿಲ್ಲ. ಅದೇ ಬಸ್ಸಲ್ಲಿ ವಾಪಸ್ ಹೋದೆ."

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಆಮೇಲೆ, "ಕರೆದಿದ್ರೂ ನಾನು ಬರ್ತಿರ್ಲಿಲ್ಲ," ಎಂದರು. "ಆದ್ರೂ ನೀವು ಕರೀಬೇಕಿತ್ತು."

ಗಂಡ ಹೌದೆಂದು ತಲೆಯಾಡಿಸಿದರು. ಯಾವ ಲೆಕ್ಕಕ್ಕೂ ಸೇರದ ಆ ಫಾರಮಿನಲ್ಲಿ ನಾನು ಹದಿನಾಲ್ಕನ್ನು ಹೊಡೆದು ಹದಿನಾರು ಎಂದು ಬರೆದೆ.