ಹನ್ನೆರಡು ಜಾಗ, ಹದಿಮೂರನೆಯವಳು

ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಅಪ್ಪ ಅಜ್ಜಂಪುರದ ಮಂಡಿಯಲ್ಲಿ ಈರುಳ್ಳಿ ಚೀಲ ಹೊರುತ್ತಿದ್ದ. ನಾನು ರೈಲು ಹತ್ತಿ ಕಡೂರಿಗೆ ಹೋಗಿ ಬಿಸಿಎ ಓದಿದೆ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಸೇರುವಾಗಲೇ ಅಪ್ಪ ಹೇಳಿಬಿಟ್ಟಿದ್ದ: "ಒಂದು ಸಲ ಫೇಲಾದ್ರೂ ಮುಗೀತು ಕಣವ್ವ. ಮಂಡಿಗೆ ಬಂದು ಈರುಳ್ಳಿ ಆರ್ಸು."

ನನ್ನನ್ನು ಹೆಚ್ಚುಕಮ್ಮಿ ಮಂಡಿಗೆ ಕಳಿಸಿಯೇಬಿಟ್ಟಿದ್ದವರು ಸಿ ಭಾಷೆ ಕಲಿಸುತ್ತಿದ್ದ ಮೇಷ್ಟ್ರು.

ಸಿ ಭಾಷೆಯಲ್ಲಿ 'ಅರೇ' ಅಂದರೆ ಕಂಪ್ಯೂಟರಿನ ಮೆಮೊರಿಯಲ್ಲಿ ಒಂದರ ಪಕ್ಕ ಒಂದರಂತೆ ಕೂತ ಅಂಕಿಗಳು. ಆ ಒಂಟಿ ಸಾಲನ್ನು ಹಲವು ಸಾಲುಗಳ ಕೋಷ್ಟಕವಾಗಿ ಬಳಸುವುದು ಹೇಗೆಂದು ತೋರಿಸಲು ಮೇಷ್ಟ್ರು ಒಂದು ದಿನ ನಮ್ಮ ಬ್ಯಾಚನ್ನು ಲ್ಯಾಬಿನಾಚೆ ವರಾಂಡದಲ್ಲಿ ಸಾಲಾಗಿ ನಿಲ್ಲಿಸಿದರು. ಮೊದಲಿಗೆ ಅವರ ಮಗಳು. ಅವಳೂ ನಮ್ಮ ಕ್ಲಾಸೇ. ಕೊನೆಗೆ ನಾನು. ಒಟ್ಟು ಹದಿಮೂರು ಜನ.

"ಮೂರು ಸಾಲು, ಸಾಲಿಗೆ ನಾಲ್ಕು. ನಡೀರಿ," ಎಂದರು. ಹನ್ನೆರಡು ಜನ ಸರಿದು ನಿಂತರು.

"ಸಾರ್, ನಾನೆಲ್ಲಿ?"

"ನೀನು ಗಾರ್ಬೇಜ್ ಕಣಮ್ಮ. ಅರೇ ಮುಗಿದ್ಮೇಲೆ ಆಚೆ ಬಿದ್ದಿರುತ್ತಲ್ಲ, ಯಾರಿಗೂ ಬೇಡದ ಕಸ, ಅದು. ಅತ್ಲಾಗೆ ನಿಂತ್ಕೊ."

ಎಲ್ಲರೂ ನಕ್ಕರು. ಅವರ ಮಗಳು ಎಲ್ಲರಿಗಿಂತ ಜೋರಾಗಿ.

ಬಾಯಿ ಮುಚ್ಚಿಕೊಂಡಿರಬಹುದಿತ್ತು. ಇರಲಿಲ್ಲ. "ಸಾರ್, ಯಾರೂ ಜಾಗ ಬಿಟ್ಟು ಕದಲೋದೇ ಬೇಡ. ನಿಂತ ಸಾಲಲ್ಲೇ ನಾಲ್ಕು ನಾಲ್ಕು ಅಂತ ಎಣಿಸ್ಕೊಂಡ್ರೆ ಸಾಕಲ್ವಾ? ನಾನು ನಾಲ್ಕನೇ ಸಾಲಿಗೆ ಮೊದಲನೇವ್ಳಾಗ್ತೀನಿ."

"ಏ, ಇದು ನಿಮ್ಮಪ್ಪನ ಈರುಳ್ಳಿ ಚೀಲದ ಲೆಕ್ಕ ಅಲ್ಲ ಕಣೇ. ಒಂದೊಂದೂ ಹೊಸ ಜಾಗಕ್ಕೆ ಕಾಪಿ ಆಗ್ಲೇಬೇಕು."

ಅವತ್ತಿನಿಂದ ನನ್ನ ಹೆಸರು ಗಾರ್ಬೇಜ್. ರೈಲು ಬದಲಿಸುವ ಬೀರೂರಿನ ಪ್ಲಾಟ್‌ಫಾರ್ಮಿನಲ್ಲಿ, ತರೀಕೆರೆಯಿಂದ ಬರುತ್ತಿದ್ದ ನಮ್ಮ ಕ್ಲಾಸಿನ ಹುಡುಗರು ಆ ತುದಿಯಿಂದ ಕೂಗುತ್ತಿದ್ದರು: "ಏ ಗಾರ್ಬೇಜೂ, ಕಸಕ್ಕೂ ಟಿಕೆಟ್ ಕೇಳ್ತಾರೇನೇ?" ಅಪ್ಪನಿಗೆ ಹೇಳಲಿಲ್ಲ. ಹೇಳಿದ್ದರೆ ಮೇಷ್ಟ್ರ ಕಾಲಿಗೆ ಬೀಳು ಎನ್ನುತ್ತಿದ್ದ.

ಪ್ರಾಕ್ಟಿಕಲ್ ಪರೀಕ್ಷೆಗೆ ಬೇರೆ ಊರಿನಿಂದ ಒಬ್ಬರು ಮೇಡಂ ಪರೀಕ್ಷಕರಾಗಿ ಬಂದರು. ನನ್ನ ಚೀಟಿಯಲ್ಲಿ ಒಂಟಿ ಸಾಲನ್ನು ಕೋಷ್ಟಕ ಮಾಡುವ ಅದೇ ಪ್ರಶ್ನೆ. ನಾನು ಬೇಕೆಂದೇ ಹದಿಮೂರು ಅಂಕಿ ತೆಗೆದುಕೊಂಡೆ. ಅದೇ ಸಾಲನ್ನು ನಾಲ್ಕು ನಾಲ್ಕಾಗಿ ನೋಡುವ ಒಂದು ಪಾಯಿಂಟರ್, ಅಂದರೆ ಮೆಮೊರಿಯ ಜಾಗಕ್ಕೆ ಬೆರಳು ತೋರಿಸುವ ಗುರುತು, ಇಟ್ಟೆ. ಹದಿಮೂರಕ್ಕೆ ಎಣಿಕೆ ನಿಲ್ಲಿಸಿದೆ. ಪರದೆಯ ಮೇಲೆ ನಾಲ್ಕನೇ ಸಾಲಿನಲ್ಲಿ ಒಂದೇ ಒಂದು ಅಂಕಿ ಬಂತು.

ಮೇಡಂ ಜೊತೆ ಪರೀಕ್ಷೆ ನಡೆಸುತ್ತಿದ್ದ ಮೇಷ್ಟ್ರು ಬಗ್ಗಿ ನೋಡಿದರು. "ತಪ್ಪು ಮೇಡಂ. ಕಾಪಿ ಮಾಡ್ದೆ ಇದು ಆಗೋದೇ ಇಲ್ಲ. ಏನೋ ಅದೃಷ್ಟಕ್ಕೆ ಔಟ್‌ಪುಟ್ ಬಂದಿದೆ, ಸೊನ್ನೆ ಹಾಕಿ."

ಮೂಗಿಗೆ ಮಂಡಿಯ ಕೊಳೆತ ಈರುಳ್ಳಿಯ ವಾಸನೆಯೇ ಬಂದಂತಾಯಿತು.

ಮೇಡಂ ನನ್ನತ್ತ ತಿರುಗಿ, "ಅಂಕಿಗಳು ಮೆಮೊರಿಯಲ್ಲಿ ಎಲ್ಲಿ ಕೂತಿವೆ, ಆ ಅಡ್ರೆಸ್ ಪ್ರಿಂಟ್ ಮಾಡಮ್ಮ" ಎಂದರು. ಮಾಡಿದೆ. ಒಂಟಿ ಸಾಲಿನ ಐದನೇ ಅಂಕಿ, ಕೋಷ್ಟಕದ ಎರಡನೇ ಸಾಲಿನ ಮೊದಲ ಅಂಕಿ, ಎರಡರದೂ ಒಂದೇ ಅಡ್ರೆಸ್.

"ಯಾವ್ದೂ ಕದಲೇ ಇಲ್ವಲ್ಲ ಸಾರ್. ಕಾಪಿ ಎಲ್ಲಾಗಿದೆ, ತೋರ್ಸಿ?" ಮೇಡಂ ಕೇಳಿದರು.

ಮೇಷ್ಟ್ರು ನನ್ನನ್ನು ಸರಿಸಿ, ನಾನು ಬರೆದದ್ದನ್ನು ಅಳಿಸಿ, ತಾವೇ ಬರೆಯಲು ಕೂತರು. ಪಾಯಿಂಟರಿನ ಸುತ್ತ ಇರಬೇಕಾದ ಬ್ರಾಕೆಟ್ ಬಿಟ್ಟರು. ಎರರ್. ಇನ್ನೊಮ್ಮೆ ಹೊಡೆದರು. ಎರರ್. ತಪ್ಪು ನನ್ನ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಒಂದು ಮಾತು ಹೇಳಿದ್ದರೆ ಅವರ ಮಾನ ಉಳಿಯುತ್ತಿತ್ತು. ಹೇಳಲಿಲ್ಲ. ಅವರ ಕತ್ತಿನ ಮೇಲೆ ಇಳಿಯುತ್ತಿದ್ದ ಬೆವರನ್ನು ನೋಡುತ್ತ ನಿಂತೆ. ಇವತ್ತಿಗೂ ಅದಕ್ಕೆ ನನಗೆ ಬೇಸರವಿಲ್ಲ.

"ಬೇರೆ ಮಕ್ಕಳೂ ಕಾಯ್ತಿದಾರೆ ಸಾರ್. ಸ್ವಲ್ಪ ಆಚೆ ನಿಂತ್ಕೊಳ್ಳಿ," ಎಂದರು ಮೇಡಂ.

ಮೇಷ್ಟ್ರು ಎದ್ದು ಹೋಗಿ ಅದೇ ವರಾಂಡದಲ್ಲಿ ನಿಂತರು. ಲ್ಯಾಬಿನಲ್ಲಿ ಯಾರೋ ಕಿಸಕ್ಕೆಂದರು. ಅವರ ಮಗಳು ಕೀಬೋರ್ಡಿನ ಮೇಲೆ ತಲೆ ಬಗ್ಗಿಸಿಬಿಟ್ಟಿದ್ದಳು. ಅವಳು ತಲೆ ಎತ್ತುವವರೆಗೂ ಕಾದೆ. ಎತ್ತಿದಳು. ಆಮೇಲೆ ನಕ್ಕೆ.

ಪಾಸಾದ ಸುದ್ದಿ ಕೇಳಿ ಅಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. "ನಿಮ್ಮ ಮೇಷ್ಟ್ರಿಗೆ ಒಂದು ಚೀಲ ಒಳ್ಳೇ ಈರುಳ್ಳಿ ಕೊಟ್ಟು ಬರೋಣ ಕಣವ್ವ."

"ಬ್ಯಾಡ ಬಿಡಪ್ಪ," ಅಂದೆ. "ಅವ್ರಿಗೆ ಕೊಡೋದು ಆಗ್ಲೇ ಕೊಟ್ಟು ಬಂದೀನಿ."