ಸೋರದ ತೊಟ್ಟಿಯ ಮೇಸ್ತ್ರಿ

ಗೋಣಿಬೀಡಿನ ಗುಲಾಮ್ ಮುಸ್ತಫಾ ಕಟ್ಟಿದ ತೊಟ್ಟಿ ಸೋರಿದ್ದನ್ನು ಕಂಡವರಿಲ್ಲ. ಈ ಮಾತನ್ನು ಊರಿನವರು ಹೇಳುವ ಮೊದಲೇ ಅವನೇ ಹೇಳಿಬಿಡುತ್ತಿದ್ದ. ಸಿಪ್ಪೆ ಸುಲಿದ ಕಾಫಿ ಬೀಜ ನೆನೆಹಾಕುವ ತೊಟ್ಟಿಗಳು, ಬೀಜ ಒಣಗಿಸುವ ಸಿಮೆಂಟ್ ಕಣಗಳು, ಹೀಗೆ ಮೂಡಿಗೆರೆಯಿಂದ ಆಲ್ದೂರಿನವರೆಗೆ ಯಾವ ಎಸ್ಟೇಟಿಗೆ ಹೋದರೂ ಅವನ ಕೈಕೆಲಸ ಒಂದಾದರೂ ಸಿಗುತ್ತಿತ್ತು. ತೊಟ್ಟಿ ಮುಗಿದ ಮೇಲೆ ನೀರು ತುಂಬಿಸಿ, ನೀರಿನ ಮಟ್ಟಕ್ಕೆ ಇದ್ದಲಿನಲ್ಲಿ ಒಂದು ಗೆರೆ ಎಳೆದು ಮನೆಗೆ ಹೋಗುವುದು ಅವನ ಪದ್ಧತಿ. ಮರುದಿನ ಬೆಳಿಗ್ಗೆ ಮಾಲೀಕರನ್ನೇ ಕರೆದು ಗೆರೆ ತೋರಿಸುತ್ತಿದ್ದ. ನೀರು ಗೆರೆ ಬಿಟ್ಟು ಇಳಿದಿರುತ್ತಿರಲಿಲ್ಲ. ಆಗ ಅವನ ಮುಖ ನೋಡಬೇಕಿತ್ತು. ಮದುಮಗನಿಗೂ ಅಷ್ಟು ಕಳೆ ಇರುವುದಿಲ್ಲ.

ಹಾಗಾಗಿ ಜಯದೇವಪ್ಪನವರು ತಮ್ಮ ತೋಟದ ಹೋಂಸ್ಟೇಗೆ ಈಜುಕೊಳ ಕಟ್ಟಿಸಲು ಹೊರಟಾಗ ಬೇರೆಯವರನ್ನು ಕರೆಯುವ ಪ್ರಶ್ನೆಯೇ ಬರಲಿಲ್ಲ. ಬಂದ ಅತಿಥಿಗಳೆಲ್ಲ ಕೊಳ ಕೇಳುತ್ತಿದ್ದರು. ಆದರೆ ಡಿಸೆಂಬರಿನಲ್ಲಿ ಆ ಗುಡ್ಡದ ನೀರಿಗೆ ಇಳಿದವನು ಹಲ್ಲು ಕಟಕಟಿಸುತ್ತ ಹೊರಗೆ ಓಡಬೇಕು. ಮಂಗಳೂರಿನ ಎಂಜಿನಿಯರೊಬ್ಬರು ಉಪಾಯ ಹೇಳಿದರು. ಕಾಂಕ್ರೀಟಿನ ತಳಕ್ಕೂ ಗೋಡೆಯ ಹೊರಮೈಗೂ ದಪ್ಪ ಫೋಮ್ ಹಲಗೆ ಕೊಟ್ಟರೆ ಕಾಯಿಸಿದ ನೀರಿನ ಬಿಸಿ ಮಣ್ಣಿಗೆ ಹೋಗುವುದಿಲ್ಲವಂತೆ. ಹಲಗೆಗಳು ಲಾರಿಯಲ್ಲಿ ಬಂದಾಗ ಮುಸ್ತಫಾ ಒಂದನ್ನು ಎರಡೇ ಬೆರಳಲ್ಲಿ ಎತ್ತಿಹಿಡಿದು, ಟೀವಿ ಪೆಟ್ಟಿಗೆಯೊಳಗೆ ಬರುವ ಕಸದ ಮೇಲೆ ಕಾಂಕ್ರೀಟ್ ಹಾಕಿಸುತ್ತಿದ್ದಾರೆಂದು ಆಳುಗಳನ್ನು ನಗಿಸಿದ. ನಕ್ಕರೂ ಕೆಲಸದಲ್ಲಿ ಕುಂದು ಮಾಡಲಿಲ್ಲ. ಹಲಗೆಗಳನ್ನು ಸಂದು ಕಾಣದಂತೆ ಜೋಡಿಸಿದ, ಕಂಬಿ ಕಟ್ಟಿಸಿದ, ಕಾಂಕ್ರೀಟಿಗೆ ಗೋಣಿಚೀಲ ಹೊದಿಸಿ ನೀರುಣಿಸಿದ.

ಒಂದು ವಿಷಯ ಮಾತ್ರ ಅವನ ಗಂಟಲಲ್ಲಿ ಇಳಿಯಲಿಲ್ಲ. ಕೊಳದ ಆಳದ ತುದಿಯಲ್ಲಿ, ನೆಲದಲ್ಲೇ ಒಂದು ಪೈಪು ಬಿಟ್ಟು ಅದರ ಬಾಯಿಗೆ ಸ್ಪ್ರಿಂಗಿನ ಮುಚ್ಚಳ ಕೂರಿಸಬೇಕೆಂದು ಎಂಜಿನಿಯರು ಹೇಳಿದ್ದರು. ಮಳೆಗಾಲದಲ್ಲಿ ಕೊಳದಡಿ ಜಲ ಎದ್ದರೆ ಮುಚ್ಚಳ ತಾನೇ ತೆರೆದು ನೀರನ್ನು ಒಳಗೆ ಬಿಡುತ್ತದೆ, ಅದಿಲ್ಲದೆ ಕೊಳ ಖಾಲಿ ಇದ್ದರೆ ಅಡಿಯ ನೀರು ಇಡೀ ಕೊಳವನ್ನೇ ಮೇಲಕ್ಕೆತ್ತೀತು ಎಂದು ಫೋನಿನಲ್ಲಿ ಬಿಡಿಸಿ ಹೇಳಿದ್ದರು. ಮುಸ್ತಫಾ ಆಯ್ತು, ಆಯ್ತು ಅಂದಿದ್ದ. ಒಳಗೊಳಗೇ ಅವನಿಗೆ ಉರಿದುಹೋಗಿತ್ತು. ತೊಟ್ಟಿಯ ತಳಕ್ಕೆ ತೂತು ಇಡುವವನೂ ಒಬ್ಬ ಮೇಸ್ತ್ರಿಯೇ? ಆ ಸ್ಪ್ರಿಂಗು ಕೈಕೊಟ್ಟು ನೀರು ಗೆರೆ ಬಿಟ್ಟು ಇಳಿದರೆ ಹೆಸರು ಹೋಗುವುದು ಯಾರದು? ಆಳುಗಳು ಊಟಕ್ಕೆ ಹೋದ ಹೊತ್ತು ನೋಡಿ, ಮುಚ್ಚಳ ಕೂರಿಸದೆ ಪೈಪಿನ ಬಾಯಿಗೆ ಗಟ್ಟಿ ಗಾರೆ ತುಂಬಿದ, ಮೇಲೆ ಜಾಲರಿ ಮುಚ್ಚಿಬಿಟ್ಟ.

ನೀರು ತುಂಬಿಸಿ ಗೆರೆ ಎಳೆದದ್ದಾಯಿತು. ನೀರು ಕೂದಲೆಳೆಯಷ್ಟೂ ಇಳಿಯಲಿಲ್ಲ. ಜನವರಿಯ ಬೆಳಿಗ್ಗೆ ಹುಲ್ಲೆಲ್ಲ ಇಬ್ಬನಿಯಲ್ಲಿ ಬೆಳ್ಳಗಿರುವಾಗ ಕೊಳದಿಂದ ಹಬೆ ಏಳುತ್ತಿತ್ತು, ಜನ ಕುತ್ತಿಗೆಯವರೆಗೆ ಮುಳುಗಿ ಕೂತು ಕಾಫಿ ಕುಡಿಯುತ್ತಿದ್ದರು. ಜಯದೇವಪ್ಪನವರು ಬಂದವರಿಗೆಲ್ಲ ಮುಸ್ತಫಾನ ಹೆಸರು ಹೇಳಿದರು.

ಜುಲೈನಲ್ಲಿ ಮಳೆ ಹಿಡಿದು ಕೂತಿತು. ಅತಿಥಿಗಳು ಬರುವುದು ನಿಂತು ಕೊಳ ಪಾಚಿಗಟ್ಟಿತು. ಮಳೆ ಹೊಳವಾಗಿ ನಿಂತ ಮೇಲೆ ಖಾಲಿ ಮಾಡಿ ತೊಳೆಯಲು ಜಯದೇವಪ್ಪನವರು ಕಾವಲುಗಾರ ಕಲ್ಲೇಶನಿಗೆ ಹೇಳಿದ್ದರು. ಕಲ್ಲೇಶ ತೋಟದ ಆಳುಗಳಿಗೆಂದು ಕಟ್ಟಿದ ಲೈನ್ ಮನೆಯಲ್ಲಿ ಹೆಂಡತಿಯೊಡನೆ ಇದ್ದವನು. ಹೇಳಿದ ಕೆಲಸವನ್ನು ನಾಳೆಗೆ ಇಡುವ ಜಾಯಮಾನ ಅವನದಲ್ಲ. ಮಳೆ ಸ್ವಲ್ಪ ಬಿಡುವು ಕೊಟ್ಟದ್ದೇ ಸಾಕೆಂದು ಪೂರ್ತಿ ಖಾಲಿ ಮಾಡಿ ತಿಕ್ಕಿ ತೊಳೆದ. ಸಂಜೆಗೆ ಮತ್ತೆ ಸುರಿಯತೊಡಗಿದ್ದು ಬೆಳಗಿನವರೆಗೂ ನಿಲ್ಲಲಿಲ್ಲ. ಎದ್ದು ನೋಡಿದರೆ ಕೊಳದ ಆಳದ ತುದಿ ನೆಲ ಬಿಟ್ಟು ಮೊಣಕಾಲೆತ್ತರ ಮೇಲೆ ಬಂದಿತ್ತು. ನೆಲ ಬಿರಿದು ಟೈಲ್ಸ್ ಕಿತ್ತು ಬಂದಿದ್ದವು.

ಮುಸ್ತಫಾನಿಗೆ ಹೇಳಿಕಳಿಸಿದರು. ಅವನು ಬರುವ ಹೊತ್ತಿಗೆ ಎಂಜಿನಿಯರು ಫೋನಿನಲ್ಲಿ ತೀರ್ಪು ಕೊಟ್ಟಾಗಿತ್ತು. ಕಲ್ಲೇಶ ತೊಳೆದಾಗ ಪಾಚಿ, ಕೆಸರು ಪೈಪಿನ ಬಾಯಿಗೆ ಸೇರಿ ಮುಚ್ಚಳ ತೆರೆಯದಂತೆ ಕಚ್ಚಿಕೊಂಡಿರಬೇಕು ಎಂದು. ಮುಸ್ತಫಾ ಕೊಳಕ್ಕೆ ಇಳಿದು, ರಾಡಿ ನೀರಿನಲ್ಲಿ ಕೈ ಹಾಕಿ ಜಾಲರಿಯ ಸಂದಿಗೆ ಬೆರಳು ತೂರಿಸಿದ. ಅವನದೇ ಗಾರೆ ಬೆರಳಿಗೆ ತಾಗಿತು.

ದಂಡೆಯ ಮೇಲೆ ಜಯದೇವಪ್ಪನವರು ಕೊಡೆ ಹಿಡಿದು ನಿಂತಿದ್ದರು. "ನಿನ್ನ ಕೆಲ್ಸದ ಮೇಲೆ ನಂಗೆ ಅನುಮಾನ ಇಲ್ಲ ಮಾರಾಯ," ಅಂದರು. "ಕೆಸರೇ ತಾನೆ?"

ಸ್ವಲ್ಪ ದೂರದಲ್ಲಿ ಕಲ್ಲೇಶ ತೊಯ್ದು ತೊಪ್ಪೆಯಾಗಿ ನಿಂತಿದ್ದ. ಈ ವಾರದೊಳಗೆ ಲೈನ್ ಮನೆ ಬಿಡಬೇಕೆಂದು ಅವನಿಗೆ ಆಗಲೇ ಹೇಳಿದ್ದಾಗಿತ್ತು.

"ಹೌದು ಸಾವ್ಕಾರ್ರೆ," ಅಂದ ಮುಸ್ತಫಾ. "ಕೆಸರೇ."

ಆ ಮಾತು ಎಷ್ಟು ಸಲೀಸಾಗಿ ಬಾಯಿಂದ ಬಂತೆಂದರೆ, ಜೀಪು ಹತ್ತಿ ಗೋಣಿಬೀಡು ತಲುಪುವವರೆಗೂ ಅದನ್ನು ತಾನೇ ಆಡಿದ್ದೆಂದು ಅವನಿಗೆ ನಂಬಲಾಗಲಿಲ್ಲ. ಮನೆಯಲ್ಲಿ ಹೆಂಡತಿ ರೌಶನ್ ಬೀ ಊಟಕ್ಕೆ ಬಡಿಸುತ್ತ, ಕಲ್ಲೇಶನ ಹೆಂಡತಿ ಪೇಟೆಗೆ ಬಂದು ಪಾತ್ರೆ ತುಂಬಿಕೊಳ್ಳಲು ಅಂಗಡಿ ಅಂಗಡಿಯಲ್ಲಿ ರಟ್ಟಿನ ಪೆಟ್ಟಿಗೆ ಕೇಳುತ್ತಿದ್ದಳೆಂದು ಹೇಳಿದಳು. ನಮ್ಮಲ್ಲಿದ್ದ ಎರಡನ್ನು ಕೊಟ್ಟೆ, ಪಾಪ, ಮೇಸ್ತ್ರಿಯನ್ನು ವಿಚಾರಿಸಿದೆ ಅಂತ ಹೇಳಿ ಅಂದು ಹೋದಳು ಅಂದಳು. ಮುಸ್ತಫಾ ತಟ್ಟೆಯ ಮುಂದಿನಿಂದ ಎದ್ದುಬಿಟ್ಟ. ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು. ಇಷ್ಟು ವರ್ಷ ಎದೆ ಸೆಟೆಸಿ ನಡೆದ ಅದೇ ಮನೆಯ ಬಾಗಿಲಲ್ಲಿ ಈಗ ಹೆಂಡತಿಯ ಮುಖ ನೋಡಲೂ ಆಗಲಿಲ್ಲ.

ಬೆಳಗಾದದ್ದೇ ತೋಟಕ್ಕೆ ಹೋಗಿ, ಜಗಲಿಯಲ್ಲಿ ಜಯದೇವಪ್ಪನವರ ಮುಂದೆ ನಿಂತು, ಪೈಪು ಮುಚ್ಚಿದ್ದು ತಾನೇ ಎಂದು ಹೇಳಿದ. ಅವರು ನಂಬಲಿಲ್ಲ. ಕಲ್ಲೇಶನ ಸಂಸಾರ ಬೀದಿಗೆ ಬೀಳಬಾರದೆಂದು ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದಾನೆ, ಎಂಥ ದೊಡ್ಡ ಮನಸ್ಸು ಎಂದು ಅವರ ಕಣ್ಣು ತೇವವಾಯಿತು. ವಿಷಯ ತಿಳಿದು ಓಡಿಬಂದ ಕಲ್ಲೇಶ ಕಾಲಿಗೆ ಬೀಳಲು ಬಗ್ಗಿದ. "ನನ್ಗೋಸ್ಕರ ನಿಮ್ಮ ಹೆಸ್ರು ಕೆಡಿಸ್ಕೋಬೇಡಿ ಮೇಸ್ತ್ರೆ," ಅಂದ. ಬೈದಿದ್ದರೆ ಮುಸ್ತಫಾ ತಡೆದುಕೊಳ್ಳುತ್ತಿದ್ದ. ಈ ಹೊಗಳಿಕೆಯಲ್ಲಿ ನಿಲ್ಲುವುದಕ್ಕಿಂತ ಭೂಮಿ ಬಾಯಿಬಿಟ್ಟಿದ್ದರೆ ಚೆನ್ನಾಗಿತ್ತು.

ಅವನು ಉಳಿ, ಸುತ್ತಿಗೆ ಹಿಡಿದು ಕೊಳಕ್ಕೆ ಇಳಿದ. ಅವರಿಬ್ಬರೂ ಹಿಂದೆಯೇ ಬಂದರು. ಜಾಲರಿ ಕಿತ್ತು, ನಿಂತ ನೀರನ್ನು ಬಕೆಟಿನಲ್ಲಿ ಎತ್ತಿಹಾಕಿ, ಗಾರೆಯನ್ನು ಇಬ್ಬರಿಗೂ ಕಾಣುವಂತೆ ಬಿಟ್ಟು ಬದಿಗೆ ಸರಿದ. ಬೆರಳಿನಿಂದ ನುಣ್ಣಗೆ ಒರೆಸಿದ ಗುರುತು ಅದರ ಮೇಲೆ ಇನ್ನೂ ಇತ್ತು. ಆಮೇಲೆ ಉಳಿ ಇಟ್ಟು ಹೊಡೆದ. ಗಟ್ಟಿ ಕೆಲಸ, ಬೇಗ ಬಿಡಲಿಲ್ಲ. ಕೊನೆಗೆ ಗಾರೆಯ ಬಿರಡೆ ಒಡೆದು ಕೆಳಗಿನ ಕೆಂಪು ನೀರು ಗುಳುಗುಳು ಮೇಲೆದ್ದು ಅವನ ಪಾದ ಮುಚ್ಚಿತು.

ಜಯದೇವಪ್ಪನವರು ಬಗ್ಗಿ ಗಾರೆಯ ಒಂದು ಚೂರನ್ನು ಎತ್ತಿ ನೋಡಿ ಕೆಳಗೆ ಹಾಕಿದರು. ಆಮೇಲೆ ಕಲ್ಲೇಶನಿಗೆ, ಕಟ್ಟಿಟ್ಟ ಪಾತ್ರೆ ಎಲ್ಲ ಇಳಿಸಿಕೊಳ್ಳಲು ನಿನ್ನ ಹೆಂಡತಿಗೆ ಹೇಳು ಅಂದು, ಮುಸ್ತಫಾನ ಕಡೆ ನೋಡದೆ ಮನೆಯತ್ತ ನಡೆದರು. ಮುಸ್ತಫಾನಿಗೆ ಒಂದು ರೀತಿಯಲ್ಲಿ ಹಗುರೆನಿಸಿತು. ಹೆಸರು ಹೋಯಿತು, ಹೋಗಲಿ. ಕಲ್ಲೇಶ ಉಳಿದ ಅಂದುಕೊಂಡ.

ಕಲ್ಲೇಶ ಹೋಗಿರಲಿಲ್ಲ. ಒಡೆದ ಗಾರೆಯನ್ನೇ ನೋಡುತ್ತಿದ್ದ.

"ನಿನ್ನೆ ಕೈ ಹಾಕಿದಾಗ್ಲೇ ಗೊತ್ತಾಗಿತ್ತಾ ಮೇಸ್ತ್ರೆ?" ಎಂದು ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ.

ಇಲ್ಲವೆಂದರೆ ಅವನು ನಂಬುತ್ತಿದ್ದ. ಅದು ಮುಸ್ತಫಾನಿಗೆ ಗೊತ್ತಿತ್ತು.

"ಗೊತ್ತಾಗಿತ್ತು," ಅಂದ.

ಕಲ್ಲೇಶ ತಲೆ ಆಡಿಸಿ, ಹೆಂಡತಿಗೆ ಹೇಳಲು ಲೈನ್ ಮನೆಯ ಕಡೆ ಹೊರಟ.